ಕರೆದವರು ಇಡುವ ತನಕ

ರಿಸೀವರನ್ನು ಕಿವಿಗೆ ಒತ್ತಿಕೊಂಡು ಇನ್ಸ್‌ಪೆಕ್ಟರ್ ವೆಂಕಟರಮಣಪ್ಪ ಉಸಿರು ಬಿಗಿಹಿಡಿದು ನಿಂತರು.

ಗುಂಯ್ ಎನ್ನುವ ಸದ್ದಿಲ್ಲ. ಕೊಕ್ಕೆಯನ್ನು ಎರಡು ಮೂರು ಸಲ ಒತ್ತಿ ಬಿಟ್ಟರು. ಊಹೂಂ. ಆದರೆ ತಂತಿ ಕಡಿದ ಫೋನಿನ ಹಾಗೆ ಪೂರ್ತಿ ಕಿವುಡೂ ಅಲ್ಲ. ಆ ಕಡೆ ಎಲ್ಲೋ ಒಂದು ಗೋಡೆ ಗಡಿಯಾರದ ಟಿಕ್ ಟಿಕ್ ಸಣ್ಣಗೆ ಕೇಳಿಸುತ್ತಿತ್ತು. ಈ ಮನೆಯಲ್ಲಿ ಗೋಡೆ ಗಡಿಯಾರವೇ ಇರಲಿಲ್ಲ.

"ಹಲೋ," ಎಂದರು. "ಯಾರದು? ಹಲೋ!"

ಅದೇ ಟಿಕ್ ಟಿಕ್.

ಬಾಗಿಲ ಬಳಿ, ಬಿಳಿ ಪಂಚೆ ಹೊದಿಸಿದ ಹೆಣ ಮಲಗಿತ್ತು. ಮರದ ಡಿಪೋದ ಯಜಮಾನ ಗುರುಬಸಪ್ಪ ಆ ಬೆಳಿಗ್ಗೆ ಇದೇ ರಿಸೀವರ್ ಹಿಡಿದು ನಿಂತಿದ್ದಾಗ ಯಾರೋ ಹಿಂದಿನಿಂದ ಬಂದು ಸಲಾಕೆಯಲ್ಲಿ ತಲೆಗೆ ಹೊಡೆದಿದ್ದರು. ಹಿಂದಿನ ದಿನವಷ್ಟೇ ಬೀದಿಯಲ್ಲಿ ಅಣ್ಣನ ಜೊತೆ ಕೈ ಕೈ ಮಿಲಾಯಿಸಿದ್ದ ತಮ್ಮ ಶಿವಬಸಪ್ಪನನ್ನು ಆಗಲೇ ಠಾಣೆಯಲ್ಲಿ ಕೂಡಿಹಾಕಿಯಾಗಿತ್ತು.

"ಇನ್ನೊಂದ್ಸಲ ಹೇಳಿ ತಾಯಿ," ಎಂದು ಇನ್ಸ್‌ಪೆಕ್ಟರ್ ರಿಸೀವರನ್ನು ಮೇಜಿನ ಮೇಲೆ ಅಡ್ಡಲಾಗಿ ಮಲಗಿಸಿದರು. "ನೀವು ಬಂದಾಗ ಅವರಿಗೆ ಜೀವ ಇತ್ತಾ?"

ಗೋಡೆಗೊರಗಿ ಕೂತಿದ್ದ ಗುರುಬಸಪ್ಪನ ಹೆಂಡತಿ ಕಲ್ಯಾಣಮ್ಮ ತಲೆಯೆತ್ತಲಿಲ್ಲ. "ಇತ್ತು ಸಾರ್. ಕಣ್ಣು ಬಿಟ್ಕೊಂಡೇ ಇದ್ರು. ನನ್ನ ಕೈ ಹಿಡ್ಕೊಂಡ್ರು."

"ಫೋನ್ ಬಂದಿದ್ದು ನೀವು ಕೇಳಿಸ್ಕೊಂಡ್ರಾ?"

"ಗಂಟೆ ಹೊಡೀತು. ತಿಂಡಿ ಬಿಟ್ಟು ಎದ್ದು ಬಂದ್ರು. 'ಆಗ್ಲಿ, ಕಾಯ್ತೀನಿ' ಅಂದಿದ್ದು ಅಡುಗೆಮನೆಗೆ ಕೇಳಿಸ್ತು. ಆಮೇಲೆ ದೊಪ್ಪಂತ..." ಅವರು ಮೇಜಿನ ಕಡೆ ಕೈ ತೋರಿಸಿದರು. "ಡಾಕ್ಟ್ರನ್ನ ಕರೆಯೋಣ ಅಂತ ಫೋನ್ ತಗೊಂಡೆ. ಸದ್ದೇ ಇಲ್ಲ. ಇಟ್ಟೆ, ಎತ್ತಿದೆ. ಮತ್ತೆ ಇಟ್ಟೆ, ಎತ್ತಿದೆ. ಏನು ಮಾಡಿದ್ರೂ ಸದ್ದು ಬರ್ಲಿಲ್ಲ. ಬರಿಗಾಲಲ್ಲಿ ಓಡಿದೆ."

ಓಡುವುದಕ್ಕೂ ಅದು ಸಣ್ಣ ದಾರಿಯಲ್ಲ. ರಾಜಾಜಿನಗರದ ಆ ಕೊನೆಯಲ್ಲಿ ಬೀದಿಗೆ ನಂಬರು ಬಿದ್ದಿತ್ತೇ ಹೊರತು ಮನೆಗಳು ಎದ್ದಿರಲಿಲ್ಲ. ಎಲ್ಲಿ ನೋಡಿದರೂ ಚಪ್ಪಡಿ ಕಲ್ಲಿನ ರಾಶಿ, ಸುಣ್ಣದ ಗುಂಡಿ, ಅರ್ಧ ಕಟ್ಟಿ ನಿಂತ ಗೋಡೆ. ಡಾಕ್ಟರ ನರ್ಸಿಂಗ್ ಹೋಮ್ ಇದ್ದದ್ದು ಅಷ್ಟೆಲ್ಲ ದಾಟಿ, ಕಾಮಾಕ್ಷಿಪಾಳ್ಯದ ಕಡೆಯ ರಾಗಿ ಹೊಲದ ಅಂಚಿನಲ್ಲಿ, ಒಂಟಿಯಾಗಿ.

"ಪುಣ್ಯಕ್ಕೆ ಆಗ ತಾನೇ ಕಾರಿಂದ ಇಳೀತಾ ಇದ್ರು ಡಾಕ್ಟ್ರು," ಎಂದರು ಕಲ್ಯಾಣಮ್ಮ. "ಪೊಲೀಸ್‌ಗೆ ಅಲ್ಲಿಂದ್ಲೇ ಹೇಳೋಣ ಅಂದೆ. ಅವರ ಫೋನೂ ಬೆಳಿಗ್ಗೆಯಿಂದ ಕೆಟ್ಟಿದೆಯಂತೆ. ನಾವು ವಾಪಸ್ ಬರೋ ಹೊತ್ತಿಗೆ ಇವ್ರು... ಬಾಗಿಲ ಹತ್ರ ತೆವಳ್ಕೊಂಡು ಬಂದು ಅಲ್ಲೇ..."

ಡಾಕ್ಟರ್ ನಂಜುಂಡಪ್ಪ ಬಾಗಿ ಅವರ ಹೆಗಲ ಮೇಲೆ ಕೈಯಿಟ್ಟರು. ಐವತ್ತರ ಆಸುಪಾಸಿನ, ತೂಕದ ಮಾತಿನ ಮನುಷ್ಯ. ಶವ ನೋಡಿದ್ದೂ ಅವರೇ, ತಾವೇ ಕಾರು ಓಡಿಸಿಕೊಂಡು ಠಾಣೆಗೆ ಸುದ್ದಿ ಮುಟ್ಟಿಸಿದ್ದೂ ಅವರೇ. ಹೋದ ತಿಂಗಳು ಕಲ್ಯಾಣಮ್ಮನ ತಂಗಿ ಜಗದಾಂಬಾ ಹೆರಿಗೆಯಲ್ಲಿ ತೀರಿಕೊಂಡದ್ದು ಅವರ ನರ್ಸಿಂಗ್ ಹೋಮಿನಲ್ಲೇ. ಆ ಹುಡುಗಿಯ ಫೋಟೋ ಹಾರ ಹಾಕಿಕೊಂಡು ಅದೇ ಕೋಣೆಯಲ್ಲಿ ತೂಗುತ್ತಿತ್ತು.

"ಆ ಫೋನ್ ಇಟ್ಟುಬಿಡಿ ಇನ್ಸ್‌ಪೆಕ್ಟ್ರೇ," ಎಂದರು ಡಾಕ್ಟರು. "ಎಲ್ಲೋ ಕಂಬ ಬಿದ್ದಿರ್ಬೇಕು. ಸುಮ್ನೆ ಎತ್ತಿಟ್ಟು ಏನು ಪ್ರಯೋಜನ?"

"ಇರ್ಲಿ ಬಿಡಿ."

"ನಾನೂ ಒಂದ್ಸಲ ನರ್ಸಿಂಗ್ ಹೋಮಿಗೆ ಹೋಗಿ ಬಂದುಬಿಡ್ತೀನಿ."

"ಇವರ ಕಡೆಯೋರು ಯಾರಾದ್ರೂ ಬರೋವರ್ಗೂ ದಯವಿಟ್ಟು ಇಲ್ಲೇ ಇರಿ ಡಾಕ್ಟ್ರೇ. ಈ ಸ್ಥಿತೀಲಿ ಒಬ್ರನ್ನೇ ಬಿಡೋಕಾಗಲ್ಲ."

ಡಾಕ್ಟರು ಒಂದು ಕ್ಷಣ ಮೇಜಿನ ಕಡೆ ನೋಡಿದರು. "ಆಗ್ಲಿ," ಎಂದರು.

ಇನ್ಸ್‌ಪೆಕ್ಟರ್ ಜಗಲಿಗೆ ಬಂದು ದಫೇದಾರ್ ಹನುಮಂತಯ್ಯನನ್ನು ಕರೆದರು. "ಯಾರೂ ಆ ರಿಸೀವರ್ ಮುಟ್ಟಕೂಡದು. ನಾನು ಬರೋವರ್ಗೂ ಗೇಟ್ ಬಿಟ್ಟು ಕದಲಬೇಡ."

ಜೀಪು ಹತ್ತುವಾಗ ಅವರ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಗಂಟೆ ಹೊಡೆದ ಫೋನು, ಮನುಷ್ಯ ಮಾತಾಡಿದ ಫೋನು, ಅವನು ನೆಲಕ್ಕೆ ಬಿದ್ದ ಗಳಿಗೆಯಲ್ಲೇ ಕೆಟ್ಟುಹೋಯಿತೇ?

* * *

ಮಾಗಡಿ ರಸ್ತೆಗೆ ಹೊಂದಿಕೊಂಡ ಆ ಚಿಕ್ಕ ಟೆಲಿಫೋನ್ ಎಕ್ಸ್‌ಚೇಂಜಿನ ಬಾಗಿಲು ತೆಗೆದರೆ, ಅಕ್ಕಸಾಲಿಗರ ಬೀದಿಯವರೆಲ್ಲ ಒಟ್ಟಿಗೆ ಸುತ್ತಿಗೆ ಎತ್ತಿಕೊಂಡಂಥ ಸದ್ದು. ಆಳೆತ್ತರದ ಕಬ್ಬಿಣದ ಚೌಕಟ್ಟುಗಳು, ಅವುಗಳ ಮೇಲೆ ಸಾಲು ಸಾಲಾಗಿ ಸ್ವಿಚ್ಚುಗಳು. ಯಾರೋ ಎಲ್ಲೋ ಡಯಲ್ ತಿರುಗಿಸಿದ ಹಾಗೆಲ್ಲ ಒಂದೊಂದು ಸ್ವಿಚ್ಚಿನ ಹಿತ್ತಾಳೆ ಕೈ ಟಕಟಕ ಮೇಲೇರಿ, ಸರಕ್ಕನೆ ಒಳಕ್ಕೆ ತಿರುಗಿ ನಿಲ್ಲುತ್ತಿತ್ತು.

ಅಲ್ಲಿ ಇದ್ದವನು ಒಬ್ಬನೇ. ಉಸ್ತುವಾರಿ ಗೋಪೀನಾಥ. ಇಸ್ತ್ರಿ ಮಾಡಿದ ಶರ್ಟು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕ್ರಾಪು. ಗುರುಬಸಪ್ಪನ ನಂಬರು ಹೇಳಿದ ಕೂಡಲೇ ಅವನ ಮುಖ ಸಣ್ಣಗಾಯಿತು. ತಕ್ಷಣ ಸಾವರಿಸಿಕೊಂಡ.

"ಫೋನ್ ಕೆಟ್ಟಿಲ್ಲ ಸಾರ್. ಲೈನ್ ಹಿಡ್ಕೊಂಡಿದೆ."

"ಹಿಡ್ಕೊಂಡಿದೆ ಅಂದ್ರೆ?"

"ಫೋನ್ ಮಾಡ್ದೋರು ಇನ್ನೂ ಕೆಳಗಿಟ್ಟಿಲ್ಲ." ಗೋಪೀನಾಥ ಒಂದು ಸ್ವಿಚ್ಚಿನ ಮುಂದೆ ನಿಂತು ತೋರಿಸಿದ. ಅದರ ಕೈ ಮೇಲೇರಿ, ಒಳಕ್ಕೆ ತಿರುಗಿ, ಕಚ್ಚಿಕೊಂಡು ನಿಂತಿತ್ತು. "ಇದೇ ಗುರುಬಸಪ್ಪನೋರ ಲೈನು. ನೋಡಿ, ಯಾರು ಕರೀತಾರೋ ಅವರ ಕೈಯಲ್ಲೇ ಎಲ್ಲ ಇರೋದು. ಅವರು ಎತ್ತಿದ್ರೆ ತಂತೀಲಿ ಕರೆಂಟ್ ಹರಿಯುತ್ತೆ. ಡಯಲ್ ತಿರುಗಿಸಿದ್ರೆ ಆ ಕರೆಂಟ್ ಅಷ್ಟಷ್ಟು ಸಲ ಕಡಿದು ಕಡಿದು ಬರುತ್ತೆ. ಸ್ವಿಚ್ಚು ಅದನ್ನ ಎಣಿಸ್ಕೊಂಡು ಹತ್ತುತ್ತೆ. ಈ ಕಡೆಯೋರು ರಿಸೀವರ್ ಎತ್ತಿದ ತಕ್ಷಣ ಕರೆಂಟ್ ದಿಕ್ಕು ತಿರುಗುತ್ತೆ. ಅದೇ ಉತ್ತರ ಸಿಕ್ತು ಅನ್ನೋ ಸೂಚನೆ. ಈ ಕಡೆಯೋರು ಇಟ್ರೆ ದಿಕ್ಕು ವಾಪಸ್ ತಿರುಗುತ್ತೆ, ಅಷ್ಟೇ. ದಾರಿ ಬಿಡಲ್ಲ. ಕರೆದೋರು ಇಡೋವರ್ಗೂ ಇದು ಹೀಗೇ ನಿಂತಿರುತ್ತೆ."

"ಅಷ್ಟು ಹೊತ್ತೂ ಈ ಕಡೆಯವರು ಬೇರೆ ಯಾರಿಗೂ ಫೋನ್ ಮಾಡೋಕಾಗಲ್ಲ."

"ಆಗಲ್ಲ ಸಾರ್."

ಇನ್ಸ್‌ಪೆಕ್ಟರ್ ಆ ಹಿತ್ತಾಳೆ ಕೈಯನ್ನೇ ನೋಡುತ್ತ ನಿಂತರು. ಗುರುಬಸಪ್ಪ ಜೀವ ಹಿಡಿದುಕೊಂಡು ಬಾಗಿಲ ತನಕ ತೆವಳುತ್ತಿದ್ದಾಗ, ಹೆಂಡತಿ ಮತ್ತೆ ಮತ್ತೆ ರಿಸೀವರ್ ಎತ್ತಿ ಇಡುತ್ತಿದ್ದಾಗ, ಇದು ಇಲ್ಲಿ ಹೀಗೇ ಕಚ್ಚಿಕೊಂಡು ನಿಂತಿತ್ತು. ಕರೆದವರು ಮರೆತು ಬಿಟ್ಟದ್ದಲ್ಲ. ಬೇಕೆಂದೇ ಬಿಟ್ಟದ್ದು. ಹಾಗಾದರೆ ಇದೆಲ್ಲ ತಿಳಿದವರೇ ಮಾಡಿದ ಕೆಲಸ. ಡಿಪೋದಲ್ಲಿ ದಿಮ್ಮಿ ಹೊರಿಸುವ ಶಿವಬಸಪ್ಪನಿಗೆ ಈ ವಿದ್ಯೆ ಎಲ್ಲಿಂದ ಬರಬೇಕು?

"ಎಲ್ಲಿಂದ ಬಂದಿದೆ ಈ ಫೋನ್ ಕಾಲ್?"

"ಊರಿಂದ ಸಾರ್. ಪೇಟೆ ಕಡೆಯಿಂದ. ಈ ಜಂಕ್ಷನ್ ತಂತಿ ಮೇಲೆ ಬಂದಿದೆ ನೋಡಿ, ದೊಡ್ಡ ಎಕ್ಸ್‌ಚೇಂಜಿನಿಂದ ನಮಗೆ ಬರೋ ತಂತಿ. ಅದರಾಚೆ ನಮಗೆ ಗೊತ್ತಾಗಲ್ಲ. ಅಲ್ಲಿ ಸಾವಿರಾರು ಲೈನು. ಹುಡುಕೋದು ಕಷ್ಟ ಸಾರ್."

"ಅವರನ್ನೇ ಕೇಳೋಣ. ಫೋನ್ ಹಚ್ಚಿ."

"ಅವರು ತುಂಬ ಬಿಜಿ ಇರ್ತಾರೆ ಸಾರ್..."

"ಹಚ್ಚಯ್ಯಾ."

ಗೋಪೀನಾಥ ಮೇಜಿನ ಫೋನಿನಲ್ಲಿ ದೊಡ್ಡ ಎಕ್ಸ್‌ಚೇಂಜನ್ನು ಹಿಡಿದ. ಅವನು ಬಾಯಿ ತೆರೆಯುವ ಮೊದಲೇ ಇನ್ಸ್‌ಪೆಕ್ಟರ್ ರಿಸೀವರನ್ನು ಅವನ ಕೈಯಿಂದ ತೆಗೆದುಕೊಂಡು, ತಾವು ಯಾರೆಂದು ಹೇಳಿ, ಜಂಕ್ಷನ್ ನಂಬರನ್ನು ಓದಿದರು. ಆ ಕಡೆಯ ಮನುಷ್ಯ ಎದ್ದುಹೋದ. ದೂರದಲ್ಲಿ ಅಂಥದೇ ಟಕಟಕ. ಚೌಕಟ್ಟಿನಿಂದ ಚೌಕಟ್ಟಿಗೆ ಅವನು ಕೂಗಿ ಹೇಳುತ್ತಿದ್ದುದು, ಇನ್ಯಾರೋ ಅದಕ್ಕೆ ಓಗೊಡುತ್ತಿದ್ದುದು ಕೇಳಿಸಿತು. ಕೊನೆಗೆ ಬಂದ.

"ಸಾರ್, ಇದು ನಮ್ಮ ಕಡೆ ಕಾಲ್ ಅಲ್ಲ. ನಿಮ್ಮಲ್ಲಿಂದಲೇ ಬಂದು ನಿಮ್ಮಲ್ಲಿಗೇ ವಾಪಸ್ ಹೋಗಿದೆ."

"ಅಂದ್ರೆ?"

"ನೀವಿರೋದು ಸಣ್ಣ ಎಕ್ಸ್‌ಚೇಂಜು. ಅಕ್ಕಪಕ್ಕದ ಮನೆಯೋರು ಮಾತಾಡ್ಬೇಕಾದ್ರೂ ದಾರಿ ನಮ್ಮಲ್ಲಿಗೆ ಬಂದೇ ಹೋಗ್ಬೇಕು. ಹೋಗೋಕೆ ಒಂದು ಜಂಕ್ಷನ್ನು, ಬರೋಕೆ ಇನ್ನೊಂದು. ನಿಮ್ಮ ಪಕ್ಕದಲ್ಲಿ ಗೋಪೀನಾಥ ಇಲ್ವಾ? ಅವನಿಗೆ ಇದು ಚೆನ್ನಾಗಿ ಗೊತ್ತು."

ಇನ್ಸ್‌ಪೆಕ್ಟರ್ ರಿಸೀವರ್ ಇಟ್ಟು ತಿರುಗಿದರು.

ಗೋಪೀನಾಥ ಮೇಜಿನ ಬಳಿ ಇರಲಿಲ್ಲ. ಎರಡು ಚೌಕಟ್ಟುಗಳ ನಡುವಿನ ಓಣಿಯಲ್ಲಿ, ಆಚೆ ತುದಿಯಲ್ಲಿದ್ದ ಒಂದು ಸ್ವಿಚ್ಚಿನ ಕಡೆಗೆ ಅವನ ಬೆರಳು ಚಾಚಿಕೊಂಡಿತ್ತು.

ವೆಂಕಟರಮಣಪ್ಪ ನಾಲ್ಕೇ ಹೆಜ್ಜೆಗೆ ಅವನನ್ನು ಮುಟ್ಟಿ, ಮಣಿಕಟ್ಟು ಹಿಡಿದು ಹಿಂದಕ್ಕೆ ತಿರುಚಿದರು. ಗೋಪೀನಾಥನ ಬೆನ್ನು ಕಬ್ಬಿಣಕ್ಕೆ ಬಡಿಯಿತು.

"ಬಿಡಿಸೋಕೆ ಹೋಗಿದ್ದೆಯಾ?"

"ಇಲ್ಲ ಸಾರ್... ನೋಡೋಣ ಅಂತ..."

"ಇದು ಬಿದ್ರೆ ಯಾರು ಕರೆದ್ರು ಅನ್ನೋದಕ್ಕೆ ಭೂಮಿ ಮೇಲೆ ಸಾಕ್ಷಿ ಇರಲ್ಲ. ಅಲ್ವಾ?" ಇನ್ಸ್‌ಪೆಕ್ಟರ ದನಿ ಏರಲಿಲ್ಲ. "ಒಬ್ಬ ಮನುಷ್ಯ ಸತ್ತಿದಾನೆ. ಅವನ ತಮ್ಮ ಅಲ್ಲಿ ನೇಣಿಗೆ ಕೊರಳು ಕೊಟ್ಟು ಕೂತಿದಾನೆ. ಯಾರ ಲೈನಯ್ಯಾ ಇದು?"

ಗೋಪೀನಾಥ ಮುಖ ತಿರುಗಿಸಿದ. ಕೈ ಇನ್ನಷ್ಟು ತಿರುಚಿಕೊಂಡಿತು.

"ಡಾಕ್ಟ್ರದು! ನಂಜುಂಡಪ್ಪನೋರ ನರ್ಸಿಂಗ್ ಹೋಮಿಂದು!"

ಅಷ್ಟು ಹೊತ್ತಿಗೆ ಇನ್ಸ್‌ಪೆಕ್ಟರಿಗೂ ಅದು ಹೊಳೆದಿತ್ತು. ಆ ಮನೆಯ ಫೋನು ಕೆಟ್ಟ ಹೊತ್ತಿನಲ್ಲೇ ಡಾಕ್ಟರ ಫೋನೂ 'ಕೆಟ್ಟಿತ್ತು'. ಒಂದೇ ಹಗ್ಗದ ಎರಡು ತುದಿ. ನರ್ಸಿಂಗ್ ಹೋಮಿಗೆ ಹೋಗಿಬರ್ತೀನಿ ಎಂದದ್ದು ರಿಸೀವರ್ ಇಡುವುದಕ್ಕೆ. ಬೇಡ, ಇಲ್ಲೇ ಇರಿ ಎಂದು ಆ ಹೆಣ್ಣುಮಗಳ ಪಕ್ಕದಲ್ಲಿ ಅವನನ್ನು ಕೂರಿಸಿ ಬಂದವರು ತಾವೇ.

"ನಾನು ಕೊಲೆ ಮಾಡಿಲ್ಲ ಸಾರ್," ಗೋಪೀನಾಥ ಅಳತೊಡಗಿದ್ದ. "ಹೋದ ವಾರ ಇಲ್ಲಿಗೆ ಬಂದಿದ್ರು. ಇದೆಲ್ಲ ಹೇಗೆ ನಡೆಯುತ್ತೆ ಅಂತ ಕೇಳಿದ್ರು. ಹೇಳ್ದೆ. ಇವತ್ತು ಬೆಳಿಗ್ಗೆ ಠಾಣೆಗೆ ಹೋಗೋ ದಾರೀಲಿ ಇಲ್ಲಿ ಕಾರು ನಿಲ್ಲಿಸಿ, ನನ್ನ ಲೈನು ಬಿಡಿಸು ಅಂದ್ರು. ನೀವು ಬರೋ ಹೊತ್ತಿನವರೆಗೂ ಲೈನ್‌ಮನ್ನು ಇಲ್ಲೇ ಇದ್ದ, ಭಯ ಆಯ್ತು. ಬಿಡಿಸ್ಲಿಲ್ಲ. ನನ್ನ ಹೆಂಡ್ತೀನ ಉಳಿಸಿದ ಕೈ ಸಾರ್ ಅದು. ಹೇಗೆ ಹಿಡಿದುಕೊಡ್ಲಿ?"

ಇನ್ಸ್‌ಪೆಕ್ಟರ್ ಕೈ ಸಡಿಲಿಸಿದರು. "ಈ ಲೈನಿಗೆ ನಾವು ಕಿವಿ ಕೊಡಬಹುದಾ?"

ಗೋಪೀನಾಥ ಕಣ್ಣೊರೆಸಿಕೊಂಡು, ಉದ್ದ ತಂತಿಯ ಒಂದು ಕೈಫೋನನ್ನು ತಂದು, ಅದರ ಎರಡು ಹಲ್ಲಿನ ಕ್ಲಿಪ್ಪುಗಳನ್ನು ಆ ಜಂಕ್ಷನ್ ತಂತಿಗೆ ಕಚ್ಚಿಸಿದ. "ಮಾತಾಡಿದ್ರೆ ಎರಡೂ ಕಡೆಗೂ ಕೇಳಿಸುತ್ತೆ ಸಾರ್."

ಮೊದಲು ಗಡಿಯಾರದ ಟಿಕ್ ಟಿಕ್. ಅದರ ಹಿಂದೆ ಸಣ್ಣಗೆ, ಮೇಜಿನ ಮೇಲೆ ತಾವೇ ಮಲಗಿಸಿ ಬಂದ ರಿಸೀವರಿನ ಮೂಲಕ, ಆ ಮನೆಯ ಕೋಣೆ.

"...ಬೇಡ ಡಾಕ್ಟ್ರೇ. ನನಗೆ ನಿದ್ದೆ ಬೇಡ." ಕಲ್ಯಾಣಮ್ಮನ ದನಿ.

"ಹಾಗನ್ನಬಾರ್ದಮ್ಮ. ಸ್ವಲ್ಪ ಮಲಗಿದ್ರೆ ಮನಸ್ಸಿಗೆ ಶಾಂತಿ. ನೀರು ಕುದೀಲಿ, ಸೂಜಿ ತೊಳ್ಕೊಂಡು ಬರ್ತೀನಿ."

ಚಪ್ಪಲಿಯ ಸದ್ದು ಒಳಗೆ ಹೋಯಿತು.

ಇನ್ಸ್‌ಪೆಕ್ಟರ್ ಬಾಗಿಲಿಗೆ ಹಾರಿ ಡ್ರೈವರನ್ನು ಕೂಗಿದರು. "ನಾಗರಾಜು! ಗುರುಬಸಪ್ಪನ ಮನೆಗೆ ಹೊಡಿ! ಡಾಕ್ಟ್ರು ಆಯಮ್ಮನಿಗೆ ಸೂಜಿ ಚುಚ್ಚಕೂಡದು! ಕೈ ಮುರಿದಾದ್ರೂ ತಡಿ!" ಜೀಪು ಧೂಳೆಬ್ಬಿಸಿ ಓಡಿತು. ಅವರು ಮತ್ತೆ ಕೈಫೋನಿಗೆ ಬಂದರು.

ಈಗ ಟಿಕ್ ಟಿಕ್ ಜೊತೆಗೆ ಇನ್ನೊಂದು ಸದ್ದಿತ್ತು. ಯಾರೋ ಉಸಿರಾಡುತ್ತಿದ್ದರು. ಆ ಮನೆಯಲ್ಲಲ್ಲ. ನರ್ಸಿಂಗ್ ಹೋಮಿನಲ್ಲಿ, ರಿಸೀವರಿಗೆ ಬಾಯಿ ಹಚ್ಚಿಕೊಂಡು.

"ಯಾರದು?" ಇನ್ಸ್‌ಪೆಕ್ಟರ್ ಪಿಸುಗುಟ್ಟಿದರು.

"ನೀವು... ಪೊಲೀಸ್ನೋರಾ?" ಹೆಂಗಸಿನ ದನಿ. ಅತ್ತು ಅತ್ತು ಒಡೆದುಹೋದ ದನಿ. "ಆಗ ಹಲೋ ಅಂದೋರು?"

"ಹೌದಮ್ಮ. ಯಾಕೆ ಆಗ್ಲೇ ಮಾತಾಡ್ಲಿಲ್ಲ?"

"ಅವ್ರು ನಿಮ್ಮ ಪಕ್ಕದಲ್ಲೇ ಇದ್ರಲ್ಲ ಸಾಮಿ. ದನಿ ಕೇಳಿಸ್ತಿತ್ತು. ನಾನು ಲಿಂಗಮ್ಮ. ಇಲ್ಲಿ ನರ್ಸು. ಹೊರಗಿಂದ ಬೀಗ ಹಾಕ್ಕೊಂಡು ಹೋಗಿದಾರೆ. ಫೋನ್ ಕೆಳಗಿಟ್ರೆ ನಿನ್ನೂ ಬಿಡಲ್ಲ ಅಂದಿದಾರೆ."

"ಗುರುಬಸಪ್ಪನಿಗೆ ಫೋನ್ ಮಾಡಿದ್ದು ಡಾಕ್ಟ್ರಾ?"

"ನಾನು," ಎಂದಳು ಲಿಂಗಮ್ಮ. "ಫೋನ್ ಮಾಡಿ, ಡಾಕ್ಟ್ರು ಫೋನಿಗೆ ಬರ್ತಾರೆ, ಸ್ವಲ್ಪ ಕಾಯಿರಿ ಅನ್ನು ಅಂದ್ರು. ಅಂದೆ. ಅವ್ರು ಕಾರು ತಗೊಂಡು ಆಗ್ಲೇ ಹೋಗಿದ್ರು. ಯಾಕೆ ಕಾಯಿಸ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ ಸಾಮಿ. ಆಮೇಲೆ... ಕೇಳಿಸ್ತು. ಎಲ್ಲ ಕೇಳಿಸ್ತು. ಅವ್ರು ತೆವಳಿದ್ದು, ಆಯಮ್ಮ ಫೋನ್ ತಗೊಂಡು ಅತ್ತಿದ್ದು. 'ಯಾರಾದ್ರೂ ಬನ್ನಿ' ಅಂತ ನನ್ನ ಕಿವೀಗೇ ಅಂದ್ರು. ನಾನು ಬಾಯಿ ಬಿಡ್ಲಿಲ್ಲ."

ವೆಂಕಟರಮಣಪ್ಪ ಕಣ್ಣು ಮುಚ್ಚಿಕೊಂಡರು.

"ಆ ಸೂಜಿ ಕೊಡಿಸ್ಬೇಡಿ," ಎಂದಳು ಅವಳು ಅವಸರವಾಗಿ. "ಅವ್ರ ತಂಗೀಗೆ ಕೊಟ್ಟಿದ್ದೂ ಅದೇ ಔಷಧಿ. ಹಾಳಾಗಿದ್ದ ಔಷಧಿ. ಅದನ್ನ ಗುರುಬಸಪ್ಪನೋರು ಕಂಡುಹಿಡಿದ್ರು. ನಾಳೆ ದೊಡ್ಡ ಆಸ್ಪತ್ರೆಗೆ ಹೋಗಿ ಹೇಳ್ತೀನಿ ಅಂತಿದ್ರು. ಅದಕ್ಕೇ... ತಡೀರಿ."

"ಏನಾಯ್ತು?"

"ಯಾರೋ ಬೀಗ ತೆಗೀತಾ ಇದಾರೆ."

ಅದೇ ಹೊತ್ತಿಗೆ, ಇನ್ನೊಂದು ತುದಿಯಲ್ಲಿ, ಚಪ್ಪಲಿಯ ಸದ್ದು ಆ ಮನೆಯ ಕೋಣೆಗೆ ವಾಪಸು ಬಂತು. "ಎಲ್ಲಿ, ತೋಳು ಕೊಡಿಯಮ್ಮ," ಎಂದಿತು ಡಾಕ್ಟರ ದನಿ, ಮೆಲ್ಲಗೆ.

ಡಾಕ್ಟರು ಅಲ್ಲಿದ್ದಾರೆ. ಹಾಗಾದರೆ ಅವರ ಬೀಗದ ಕೈ ಯಾರ ಹತ್ತಿರ ಇದೆ?

"ಹನುಮಂತಯ್ಯಾ!" ಇನ್ಸ್‌ಪೆಕ್ಟರ್ ಗಂಟಲು ಹರಿಯುವಂತೆ ಕೂಗಿದರು. "ಒಳಗೆ ನುಗ್ಗು! ಡಾಕ್ಟ್ರನ್ನ ಹಿಡಿ! ಹನುಮಂತಯ್ಯಾ!"

ಏನೋ ಗಾಜು ಒಡೆಯಿತು. ಯಾವ ತುದಿಯಲ್ಲಿ ಎಂದು ತಿಳಿಯಲಿಲ್ಲ. ಒಂದು ಹೆಣ್ಣು ದನಿ ಚೀರಿತು. ಅದೂ ಯಾವ ತುದಿಯದೋ. ಆಮೇಲೆ ಕಿವಿಯಲ್ಲಿ ಕಟಕ್ ಎಂದಿತು.

ಅವರ ಕಣ್ಣೆದುರೇ ಹಿತ್ತಾಳೆ ಕೈ ಕಚ್ಚಿ ಹಿಡಿದದ್ದನ್ನು ಬಿಟ್ಟಿತು. ಸರಕ್ಕನೆ ಹೊರಕ್ಕೆ ತಿರುಗಿ, ಜಾರಿ, ತನ್ನ ಜಾಗಕ್ಕೆ ಬಿತ್ತು. ಓಣಿಯ ಆಚೆ ತುದಿಯಲ್ಲೂ ಒಂದು ಬಿದ್ದ ಸದ್ದು. ಎರಡು ಜಂಕ್ಷನ್‌ಗಳ ಮೇಲಿನ ದೀಪಗಳು ಒಟ್ಟಿಗೆ ಆರಿದವು. ಬೆಳಗಿನಿಂದ ನಿಂತಿದ್ದ ದಾರಿ ಇನ್ನಿಲ್ಲ.

"ಕರೆದ ಕಡೆಯಿಂದ ಇಟ್ಟುಬಿಟ್ರು ಸಾರ್," ಎಂದ ಗೋಪೀನಾಥ.

"ಆ ಮನೆಗೆ ಈಗ ಡಯಲ್ ಮಾಡು!"

"ಅಲ್ಲಿ ರಿಸೀವರ್ ಎತ್ತಿಟ್ಟೇ ಇದೆಯಲ್ಲ ಸಾರ್. ಎಂಗೇಜ್ ಬರುತ್ತೆ."

ವೆಂಕಟರಮಣಪ್ಪ ಬಾಗಿಲ ಕಡೆ ಓಡಿದರು. ರಸ್ತೆಯಲ್ಲಿ ಜಟಕಾ ಕೂಡ ಇರಲಿಲ್ಲ. ನರ್ಸಿಂಗ್ ಹೋಮಿಗೆ ಹೊಲದ ಮೇಲೆ ಓಡಿದರೆ ಎಷ್ಟು ಹೊತ್ತು ಎಂದು ಅವರು ಲೆಕ್ಕ ಹಾಕುತ್ತಿದ್ದಾಗ ಬೆನ್ನ ಹಿಂದೆ ಗೋಪೀನಾಥ ಕರೆದ.

"ಸಾರ್. ಡಾಕ್ಟ್ರ ಲೈನ್ ಮತ್ತೆ ಎದ್ದಿದೆ. ಯಾರೋ ಡಯಲ್ ಮಾಡ್ತಿದಾರೆ."

ಓಣಿಯ ತುದಿಯಲ್ಲಿ ಟಕಟಕ. ನಿಂತಿತು. ಮತ್ತೆ ಟಕಟಕ. ಆರಿದ್ದ ದೀಪಗಳಲ್ಲಿ ಒಂದು ಹೊತ್ತಿಕೊಂಡಿತು, ಊರ ಕಡೆಗೆ ಹೋಗುವ ತಂತಿಯದು. ಗೋಪೀನಾಥ ತುಟಿಯಲ್ಲೇ ಎಣಿಸುತ್ತಿದ್ದ. ಕೊನೆಯ ಅಂಕಿ ಮುಗಿಯಿತು. ಊರಿಂದ ಬರುವ ತಂತಿಯ ದೀಪವೂ ಹೊತ್ತಿತು.

ಅವರ ಪಕ್ಕದ ಮೇಜಿನ ಮೇಲಿದ್ದ ಫೋನು ಗಂಟೆ ಹೊಡೆಯಿತು.

ಇಬ್ಬರೂ ಅದನ್ನೇ ನೋಡಿದರು. ಇನ್ಸ್‌ಪೆಕ್ಟರ್ ಗೋಪೀನಾಥನ ಹೆಗಲು ಹಿಡಿದು ಮೇಜಿನ ಮುಂದೆ ನಿಲ್ಲಿಸಿ, ತಾವೇ ರಿಸೀವರನ್ನು ಎತ್ತಿ, ಇಬ್ಬರ ಕಿವಿಗೂ ಕೇಳುವಂತೆ ನಡುವೆ ಹಿಡಿದರು.

"ಗೋಪಿ," ಎಂದಿತು ಒಂದು ಗಂಡಸಿನ ದನಿ. ಏದುಸಿರು. ವೆಂಕಟರಮಣಪ್ಪ ಎಂದೂ ಕೇಳಿರದ ದನಿ. ಡಾಕ್ಟರ ಬೀಗದ ಕೈ ಇದ್ದದ್ದು ಇವನ ಹತ್ತಿರ. "ಇವಳ ಬಾಯಿ ಮುಚ್ಚಿಸಿದೀನಿ. ಇನ್ಸ್‌ಪೆಕ್ಟ್ರು ಎಲ್ಲಿದಾನೆ? ಏನಾದ್ರೂ ಗೊತ್ತಾಯ್ತಾ?"

ಇನ್ಸ್‌ಪೆಕ್ಟರ್ ಇಲ್ಲವೆಂಬಂತೆ ತಲೆಯಾಡಿಸಿದರು. ಗೊತ್ತಿಲ್ಲ ಅನ್ನು, ಎಂದು ಕಣ್ಣಲ್ಲೇ ಹೇಳಿದರು.

ಗೋಪೀನಾಥ ಅವರ ಮುಖವನ್ನೇ ನೋಡುತ್ತ ನಿಂತ. ಅವನ ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಆರಿರಲಿಲ್ಲ. ಆದರೆ ಅಳು ಎಲ್ಲೂ ಇರಲಿಲ್ಲ.

"ಇಲ್ಲೇ ನನ್ನ ಪಕ್ಕದಲ್ಲೇ ಇದಾನೆ," ಎಂದ ಅವನು ರಿಸೀವರಿಗೆ. "ಒಬ್ನೇ. ಜೀಪನ್ನೂ ಕಳಿಸಿಬಿಟ್ಟಿದಾನೆ. ಬೇಗ ಬಾ."